ಗೋಕರ್ಣದ ಕಡಲತೀರದಲ್ಲಿ ತಂಗಿಯ ಮದುವೆ: ಎಷ್ಟು ಮಂದಿ ಛಾಯಾಗ್ರಾಹಕರನ್ನು ಕರೆಯಬೇಕು?

ವಧುವಿನ ಅಣ್ಣ, ಶಿರಸಿ

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರಿನಲ್ಲಿ ನನ್ನ ತಂಗಿಯ ಮದುವೆ. ನಮ್ಮದು ಶಿರಸಿಯ ಹತ್ತಿರದ ಹಳ್ಳಿ. ವರನ ಮನೆಯವರು ಮೂಲತಃ ಕುಮಟಾ ಕಡೆಯವರೇ ಆದರೂ ಪುಣೆಯಲ್ಲಿ ನೆಲೆಸಿ ಬಹಳ ವರ್ಷಗಳಾದವು. ಮನೆಯಂಗಳದಲ್ಲೇ ಚಪ್ಪರ ಹಾಕಿ ಮದುವೆ ಮಾಡಬೇಕೆಂಬುದು ಅಪ್ಪಯ್ಯನ ಆಸೆಯಾಗಿತ್ತು. ಆದರೆ ಎರಡೂ ಕಡೆಯ ನೆಂಟರಲ್ಲಿ ಹೆಚ್ಚಿನವರು ರೈಲಿನಲ್ಲಿ, ವಿಮಾನದಲ್ಲಿ ದೂರದಿಂದ ಬರುವವರಾದ್ದರಿಂದ, ಎಲ್ಲರೂ ಒಂದೇ ಕಡೆ ಉಳಿಯಲು ಅನುಕೂಲವಾಗಲೆಂದು ಗೋಕರ್ಣದ ಸಮೀಪ ಕಡಲ ದಂಡೆಯ ಮೇಲಿರುವ ಒಂದು ರೆಸಾರ್ಟನ್ನು ಎರಡು ದಿನಗಳಿಗೆ ಗೊತ್ತುಮಾಡಿದ್ದೇವೆ. ಒಟ್ಟು 180 ಜನ ಬರುತ್ತಾರೆ. ಮೊದಲ ದಿನ ಸಂಜೆ ಮೆಹಂದಿ ಮತ್ತು ಹಾಡು, ಮರುದಿನ ಬೆಳಿಗ್ಗೆ 11.20ಕ್ಕೆ ಮುಹೂರ್ತ, ಅಂದೇ ಸಂಜೆ ಆರತಕ್ಷತೆ.

ಛಾಯಾಗ್ರಹಣಕ್ಕೆಂದು ಮೂರು ಕಡೆ ವಿಚಾರಿಸಿದೆ, ಮೂರು ಕಡೆಯೂ ಬೇರೆ ಬೇರೆ ಲೆಕ್ಕ ಸಿಕ್ಕಿತು. ಬೆಂಗಳೂರಿನ ತಂಡದವರು ಏಳು ಜನ ಬರುತ್ತೇವೆ ಎನ್ನುತ್ತಾರೆ: ಕ್ಯಾಂಡಿಡ್‌ಗೆ (ಯಾರನ್ನೂ ನಿಲ್ಲಿಸದೆ ಸಹಜವಾಗಿ ತೆಗೆಯುವ ಫೋಟೋ) ಇಬ್ಬರು, ನಿಲ್ಲಿಸಿ ತೆಗೆಯುವ ಟ್ರೆಡಿಷನಲ್ ಫೋಟೋಕ್ಕೆ ಒಬ್ಬರು, ವಿಡಿಯೋಕ್ಕೆ ಇಬ್ಬರು, ಡ್ರೋನ್‌ಗೆ ಒಬ್ಬರು, ಸಹಾಯಕ ಒಬ್ಬ. ಹುಬ್ಬಳ್ಳಿಯವರು ನಾಲ್ಕು ಜನ ಎಂದರು. ನಮ್ಮೂರಿನ ಪರಿಚಯದವರು, ಫೋಟೋಕ್ಕೆ ತಾವೊಬ್ಬರು ಮತ್ತು ವಿಡಿಯೋಕ್ಕೆ ಇನ್ನೊಬ್ಬರು ಸಾಕು ಎಂದು ಧೈರ್ಯ ಹೇಳುತ್ತಿದ್ದಾರೆ. ಬರುವವರ ಪ್ರಯಾಣ, ಎರಡು ರಾತ್ರಿಯ ವಸತಿ, ಊಟ ಎಲ್ಲವೂ ನಮ್ಮ ಮೇಲೆಯೇ ಬೀಳುವುದರಿಂದ ಒಬ್ಬರು ಹೆಚ್ಚಾದರೂ ಅದು ಪ್ಯಾಕೇಜಿನ ದರಕ್ಕಿಂತ ಬಹಳ ಮುಂದೆ ಹೋಗುತ್ತದೆ. ಹಾಗೆಂದು ತಂಗಿಯ ಮದುವೆಯಲ್ಲಿ ಕೈ ಬಿಗಿಹಿಡಿದು ಆಮೇಲೆ ಪಶ್ಚಾತ್ತಾಪ ಪಡುವುದೂ ಬೇಡ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ವರನ ತಾಯಿಯಾಗಿದ್ದವರು, ಕಾರವಾರ

ಕಳೆದ ವರ್ಷ ನನ್ನ ಮಗನ ಮದುವೆಗೆ ಎಂಟು ಜನರ ತಂಡ ಬಂದಿತ್ತು. ಆ ತಂಡದ ಹೆಸರು ಹೇಳುವುದಿಲ್ಲ, ಅವರ ಕೆಲಸ ಕೆಟ್ಟದ್ದು ಎಂದೂ ಹೇಳುವುದಿಲ್ಲ, ಆಲ್ಬಮ್ ನಿಜವಾಗಿಯೂ ಚೆನ್ನಾಗಿ ಬಂದಿದೆ. ಆದರೆ 84 ವರ್ಷದ ನನ್ನ ಅತ್ತೆಯವರನ್ನು ಮೊಮ್ಮಗನ ಮದುವೆ ಕಣ್ತುಂಬ ನೋಡಲಿ ಎಂದು ಎಲ್ಲರಿಗಿಂತ ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದೆವು. ಮಾಂಗಲ್ಯಧಾರಣೆಯ ಹೊತ್ತಿಗೆ ಮಂಟಪದ ಮುಂದೆ ಕಪ್ಪು ಅಂಗಿ ತೊಟ್ಟ ಆರು ಜನ ಸಾಲಾಗಿ ನಿಂತುಬಿಟ್ಟರು. ಗಟ್ಟಿಮೇಳದ ಸದ್ದು ಕೇಳಿ ಅತ್ತೆಯವರು ಕುಳಿತಲ್ಲಿಂದಲೇ ಅಕ್ಷತೆ ಹಾಕಿದರು. ಆ ಅಕ್ಷತೆ ಒಬ್ಬ ಕ್ಯಾಮೆರಾದವರ ಬೆನ್ನಿಗೆ ಬಿದ್ದು ಕೆಳಗೆ ಉದುರಿತು. ಅದನ್ನು ಕಣ್ಣಾರೆ ಕಂಡ ನನಗೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅತ್ತೆಯವರು ಒಂದು ಮಾತನ್ನೂ ಆಡಲಿಲ್ಲ.

ತಮ್ಮಾ, ಏಳು ಜನ ಖಂಡಿತ ಬೇಡ. ಮಂಟಪದ ಮುಂದೆ ಒಂದು ಸಮಯಕ್ಕೆ ಇಬ್ಬರಿಗಿಂತ ಹೆಚ್ಚು ಜನ ನಿಲ್ಲಬಾರದೆಂದು ಅಡ್ವಾನ್ಸ್ ಕೊಡುವ ದಿನವೇ ಹೇಳಿ, ಬರೆಸಿಕೊಳ್ಳಿ.

ಮಗಳ ಮದುವೆ ಮಾಡಿದ ತಂದೆ, ಅಂಕೋಲಾ

ಕಾರವಾರದ ಅಕ್ಕನವರ ನೋವು ಅರ್ಥವಾಗುತ್ತದೆ. ನನ್ನ ಕಥೆ ಅದಕ್ಕೆ ವಿರುದ್ಧ ದಿಕ್ಕಿನದು. ಮೂರು ವರ್ಷದ ಹಿಂದೆ ಮಗಳ ಮದುವೆಗೆ ನಾನು ಒಬ್ಬರನ್ನೇ ಕರೆದಿದ್ದೆ. ಅವರು ಪ್ರಾಮಾಣಿಕರು, ಬೆಳಗಿನ ಐದು ಗಂಟೆಯಿಂದ ಕುಳಿತುಕೊಳ್ಳದೆ ದುಡಿದರು. ಆದರೆ ಅಂತರಪಟ ಸರಿಸುವ ಗಳಿಗೆಯಲ್ಲಿ ಮನುಷ್ಯ ಎರಡೂ ಕಡೆ ನಿಲ್ಲಲು ಸಾಧ್ಯವೇ? ಅವರು ಮಗಳ ಬೆನ್ನ ಹಿಂದೆ ನಿಂತಿದ್ದರು, ಅಳಿಯನ ಮುಖ ಬಹಳ ಸುಂದರವಾಗಿ ಬಂದಿದೆ. ಮಗಳು ಮೊದಲ ಸಲ ತಲೆಯೆತ್ತಿ ನೋಡಿದಾಗ ಹೇಗಿದ್ದಳು ಎಂಬುದು ಮಾತ್ರ ನಮ್ಮ ಬಳಿ ಎಲ್ಲಿಯೂ ಇಲ್ಲ.

ಇದರ ಮೇಲೆ ಇನ್ನೊಂದು ಆಘಾತವೂ ಆಯಿತು. ಅವರ ಕ್ಯಾಮೆರಾದಲ್ಲಿ ಒಂದೇ ಮೆಮೊರಿ ಕಾರ್ಡ್ ಹಾಕುವ ವ್ಯವಸ್ಥೆ ಇತ್ತು. ಹೆಣ್ಣೊಪ್ಪಿಸಿಕೊಡುವ ಹೊತ್ತಿನ ಕಾರ್ಡ್ ಆಮೇಲೆ ತೆರೆಯಲೇ ಇಲ್ಲ. ಜೊತೆಗೆ ಇನ್ನೊಬ್ಬರಿದ್ದಿದ್ದರೆ ಆ ಹೊತ್ತಿನ ನಾಲ್ಕು ಫೋಟೋಗಳಾದರೂ ಉಳಿಯುತ್ತಿದ್ದವು. ಆದ್ದರಿಂದ ಒಬ್ಬರನ್ನೇ ನಂಬಿಕೊಂಡು ಹೋಗಬೇಡಿ ಎಂಬುದು ನನ್ನ ಕಳಕಳಿಯ ಮಾತು.

ಛಾಯಾಗ್ರಾಹಕ, ಕುಮಟಾ

ನಾನು ಕರಾವಳಿಯಲ್ಲಿಯೂ ಘಟ್ಟದ ಮೇಲೆಯೂ ಸೇರಿ ಇಪ್ಪತ್ತು ವರ್ಷಗಳಿಂದ ಮದುವೆಯ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಮದುವೆಯ ಕೆಲಸ ನನಗೆ ಬೇಕೆಂದು ಇದನ್ನು ಬರೆಯುತ್ತಿಲ್ಲ, ಆ ಮುಹೂರ್ತಕ್ಕೆ ನಾನು ಬೇರೆ ಕಡೆ ಒಪ್ಪಿಕೊಂಡಿದ್ದೇನೆ.

ಜನರ ಸಂಖ್ಯೆಯನ್ನು ನೋಡಿ ಛಾಯಾಗ್ರಾಹಕರ ಸಂಖ್ಯೆಯನ್ನು ನಿರ್ಧರಿಸುವ ರೂಢಿ ನಮ್ಮ ವೃತ್ತಿಯವರೇ ಹುಟ್ಟುಹಾಕಿದ್ದು. ಅದು ಸರಿಯಾದ ಅಳತೆಯಲ್ಲ. 800 ಜನ ಸೇರಿದ ಮದುವೆಯಲ್ಲಿಯೂ ಎಲ್ಲವೂ ಒಂದೇ ಮಂಟಪದಲ್ಲಿ ಒಂದಾದ ಮೇಲೊಂದು ನಡೆಯುವುದಾದರೆ ಇಬ್ಬರು ಧಾರಾಳವಾಗಿ ನಿಭಾಯಿಸುತ್ತಾರೆ. 100 ಜನರ ಮದುವೆಯಲ್ಲಿ ವಧು ಒಂದು ಊರಿನಲ್ಲಿ, ವರ ಇನ್ನೊಂದು ಊರಿನಲ್ಲಿ ಸಿದ್ಧರಾಗುತ್ತಿದ್ದರೆ ಎಂಥ ಜಾಣನಾದರೂ ಒಬ್ಬನಿಂದ ಆಗುವುದಿಲ್ಲ. ನೀವು ಮಾಡಬೇಕಾದದ್ದು ಇಷ್ಟೇ: ಒಂದು ಹಾಳೆಯ ಮೇಲೆ ಎರಡೂ ದಿನಗಳ ಗಂಟೆಗಳನ್ನು ಬರೆದು, ಪ್ರತಿ ಗಂಟೆಯ ಎದುರು ಏಕಕಾಲಕ್ಕೆ ಎಲ್ಲೆಲ್ಲಿ ಏನೇನು ನಡೆಯುತ್ತದೆ ಎಂದು ಬರೆಯಿರಿ. ಅದರಲ್ಲಿ ತಪ್ಪಿಹೋದರೆ ಮನೆಯವರಿಗೆ ದುಃಖವಾಗುವಂಥವು ಯಾವುವು ಎಂಬುದಕ್ಕೆ ಗುರುತು ಹಾಕಿ. ಒಂದೇ ಗಂಟೆಯಲ್ಲಿ ಅಂಥ ಗುರುತು ಎಷ್ಟು ಜಾಗಗಳಿಗೆ ಬೀಳುತ್ತದೆಯೋ ಅಷ್ಟು ಜನ ಬೇಕು. ಅಂತರಪಟದಂಥ ಗಳಿಗೆಯಲ್ಲಿ ಒಂದೇ ಮಂಟಪವನ್ನು ಎರಡು ಜಾಗವೆಂದೇ ಎಣಿಸಬೇಕು, ಅಂಕೋಲಾದ ಹಿರಿಯರು ಹೇಳಿದ್ದು ಅದನ್ನೇ.

ಕಡಲ ದಂಡೆಯ ವಿಷಯದಲ್ಲಿ ಇನ್ನೂ ಸ್ವಲ್ಪ ಹೇಳಬೇಕು. ನೀವು ಹಿಡಿದಿರುವುದು ಡಿಸೆಂಬರ್. ಆ ತಿಂಗಳ ನಡುವಿನಲ್ಲಿ ಗೋಕರ್ಣದಲ್ಲಿ ಸೂರ್ಯ ಮುಳುಗುವುದು ಸಂಜೆ ಆರು ಗಂಟೆ ದಾಟಿ ಹತ್ತು ನಿಮಿಷದ ಆಸುಪಾಸಿನಲ್ಲಿ. ಮುಳುಗಿದ ಮೇಲೆ ಫೋಟೋಕ್ಕೆ ಸಾಲುವ ಬೆಳಕು ಹೆಚ್ಚೆಂದರೆ ಇಪ್ಪತ್ತು ನಿಮಿಷ ಉಳಿಯುತ್ತದೆ. ಆರತಕ್ಷತೆಗೆ ಆರು ಗಂಟೆ ಎಂದು ಆಮಂತ್ರಣದಲ್ಲಿ ಅಚ್ಚು ಹಾಕಿಸಿದರೆ ಸರಿಯಾಗಿ ಆ ಹೊತ್ತಿಗೆ ವಧು ಇನ್ನೂ ಅಲಂಕಾರದ ಕೋಣೆಯಲ್ಲಿರುತ್ತಾಳೆ. ಹತ್ತು ಜನ ಛಾಯಾಗ್ರಾಹಕರಿದ್ದರೂ ಮುಳುಗಿದ ಸೂರ್ಯನನ್ನು ಮೇಲೆತ್ತಲು ಆಗುವುದಿಲ್ಲ. ವಧೂವರರು 5.20ಕ್ಕೆ ಮರಳಿನ ಮೇಲಿರುವಂತೆ ವೇಳಾಪಟ್ಟಿ ಮಾಡಿದರೆ ಒಬ್ಬರೇ ಸಾಕು.

ಹಾಗೆಯೇ ಎ.ಸಿ. ಕೋಣೆಯಿಂದ ಕ್ಯಾಮೆರಾವನ್ನು ಏಕಾಏಕಿ ದಂಡೆಗೆ ತಂದರೆ ಲೆನ್ಸಿನ ಮೇಲೆ ಹಬೆ ಕೂರುತ್ತದೆ, ಒರೆಸಿದರೂ ಮತ್ತೆ ಕೂರುತ್ತದೆ. ಅರ್ಧ ಗಂಟೆ ಮೊದಲೇ ಚೀಲವನ್ನು ಹೊರಗಿಟ್ಟು ಹದಕ್ಕೆ ತರಬೇಕು. ಕರಾವಳಿಯಲ್ಲಿ ಕೆಲಸ ಮಾಡಿದವರಿಗೆ ಇದು ಹೇಳದೆಯೇ ಗೊತ್ತಿರುತ್ತದೆ, ಒಳನಾಡಿನಿಂದ ಬರುವವರಿಗೆ ಒಂದು ಮಾತು ಹೇಳಿಡಿ.

ಪುರೋಹಿತರು, ಹೊನ್ನಾವರ

ನಾನು ಕ್ಯಾಮೆರಾದ ವಿಷಯ ತಿಳಿದವನಲ್ಲ. ಆದರೆ ಮಂಟಪದಲ್ಲಿ ಯಾರು ಎಲ್ಲಿ ನಿಂತರೆ ಕರ್ಮಕ್ಕೆ ತೊಂದರೆ, ಯಾರು ಎಲ್ಲಿ ನಿಂತರೆ ತೊಂದರೆಯಿಲ್ಲ ಎಂಬುದನ್ನು ದಿನವೂ ನೋಡುತ್ತೇನೆ.

ವಧೂವರರು ಹೋಮಕುಂಡದ ಪಶ್ಚಿಮಕ್ಕೆ ಪೂರ್ವಾಭಿಮುಖವಾಗಿ ಕುಳಿತುಕೊಳ್ಳುತ್ತಾರೆ. ನಮ್ಮ ಜಿಲ್ಲೆಯ ಕಡಲು ಇರುವುದು ಪಶ್ಚಿಮಕ್ಕೆ. ಹಾಗಾಗಿ ದಂಡೆಯ ಮೇಲೆ ಮಂಟಪ ಹಾಕಿದರೆ ಕಡಲು ಅವರ ಬೆನ್ನ ಹಿಂದೆ ಬರುತ್ತದೆ, ನೋಡಲು ಬಂದವರು ಪೂರ್ವದಲ್ಲಿ ಕುಳಿತು ಪಶ್ಚಿಮಕ್ಕೆ ನೋಡುತ್ತಾರೆ. ಛಾಯಾಗ್ರಾಹಕರಿಗೂ ಕಡಲು ಕಾಣಬೇಕಾದರೆ ಪೂರ್ವದ ಕಡೆಯೇ ನಿಲ್ಲಬೇಕು. ಹಿರಿಯರ ಕುರ್ಚಿಗಳಿಗೂ ಕ್ಯಾಮೆರಾಗಳಿಗೂ ಜಗಳ ಶುರುವಾಗುವುದು ಇಲ್ಲಿಯೇ. ಕಾರವಾರದ ತಾಯಿಯವರಿಗೆ ಆದದ್ದೂ ಹೀಗೆಯೇ ಇರಬೇಕು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಡಲಗಾಳಿ ನೆಲದ ಕಡೆಗೆ ಬೀಸತೊಡಗುತ್ತದೆ. ಆಗ ಹೋಮದ ಹೊಗೆ ವಧೂವರರನ್ನು ಬಿಟ್ಟು ನೇರವಾಗಿ ಪೂರ್ವದಲ್ಲಿದ್ದವರ ಕಣ್ಣಿಗೆ ಬರುತ್ತದೆ. ಎದುರಿಗೆ ನಿಂತ ಕ್ಯಾಮೆರಾದವರು ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ ಅತ್ತಿತ್ತ ಸರಿದಾಡುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಈಶಾನ್ಯದ ಮೂಲೆಯಲ್ಲಿ ಒಬ್ಬರು, ಆಗ್ನೇಯದ ಮೂಲೆಯಲ್ಲಿ ಒಬ್ಬರು ಕಂಬಕ್ಕೆ ಒತ್ತಿ ನಿಂತರೆ ಹೊಗೆಯೂ ತಪ್ಪುತ್ತದೆ, ನಡುವಿನ ದಾರಿಯೂ ತೆರೆದಿರುತ್ತದೆ. ಮೂರನೆಯವರಿಗೆ ಸಪ್ತಪದಿಯ ಹೊತ್ತಿಗೆ ನಿಲ್ಲಲು ಜಾಗವೇ ಇರುವುದಿಲ್ಲ.

ಇನ್ನೊಂದು ಮಾತು, ಇದು ವಧುವಿನ ಅಣ್ಣನಾದ ನಿಮಗೇ ಸಂಬಂಧಿಸಿದ್ದು. ಲಾಜಾಹೋಮದಲ್ಲಿ ತಂಗಿಯ ಬೊಗಸೆಗೆ ಹೊದಳು ಹಾಕಬೇಕಾದವರು ನೀವು. ಆ ಹೊತ್ತಿಗೆ ನೀವು ಶಲ್ಯ ಹೊದ್ದು ಮಂಟಪದೊಳಗೆ ಇರುತ್ತೀರಿ. ಛಾಯಾಗ್ರಾಹಕರಿಗೆ ಅಲ್ಲಿ ನಿಲ್ಲಿ, ಇಲ್ಲಿ ಸರಿಯಿರಿ ಎಂದು ಹೇಳುವ ಹೊಣೆಯನ್ನು ನೀವೇ ಇಟ್ಟುಕೊಂಡರೆ ಎರಡೂ ಕೆಡುತ್ತದೆ. ಆ ಹೊಣೆಯನ್ನು ಕರ್ಮದಲ್ಲಿ ಪಾತ್ರವಿಲ್ಲದ ಒಬ್ಬರಿಗೆ ಮೊದಲೇ ವಹಿಸಿಬಿಡಿ.

ಛಾಯಾಗ್ರಾಹಕ, ಕುಮಟಾ

ಭಟ್ಟರು ಹೇಳಿದ ದಿಕ್ಕಿನ ಮಾತನ್ನು ನಮ್ಮ ಕಸುಬಿನ ಹುಡುಗರೆಲ್ಲ ಓದಬೇಕು. ಅದಕ್ಕೆ ಒಂದು ಸೇರಿಸುತ್ತೇನೆ. ಮಂಟಪದ ಒಳಗೆ ನೆರಳು, ಹಿಂದೆ ಬಿಸಿಲಿಗೆ ಹೊಳೆಯುವ ಕಡಲು. ಈ ಎರಡರ ನಡುವೆ ಬೆಳಕಿನ ಅಂತರ ಎಷ್ಟಿರುತ್ತದೆಂದರೆ, ಕಡಲು ನೀಲಿಯಾಗಿ ಬಂದರೆ ಮುಖ ಕಪ್ಪಾಗುತ್ತದೆ, ಮುಖ ಸರಿಯಾಗಿ ಬಂದರೆ ಕಡಲು ಬಿಳಿ ಬಟ್ಟೆಯಂತೆ ಕಾಣುತ್ತದೆ. ಇದನ್ನು ಸರಿಪಡಿಸಲು ಮುಖದ ಮೇಲೆ ಹದವಾಗಿ ಬೆಳಕು ಹಿಡಿಯುವ ಒಬ್ಬ ಸಹಾಯಕ ಬೇಕು. ಮೂರನೆಯ ಛಾಯಾಗ್ರಾಹಕನಿಗಿಂತ ಲೈಟ್ ಹಿಡಿಯುವ ಆ ಹುಡುಗನ ಉಪಕಾರ ನಿಮ್ಮ ಆಲ್ಬಮಿಗೆ ಹೆಚ್ಚು. ಮಂಟಪದ ಮೇಲ್ಛಾವಣಿಗೆ ಕೆಂಪು ಅಥವಾ ಹಳದಿ ಬಟ್ಟೆ ಕಟ್ಟಲು ಬಿಡಬೇಡಿ. ಬಿಸಿಲು ಅದರ ಮೂಲಕ ಇಳಿದು ಎಲ್ಲರ ಮುಖಕ್ಕೂ ಅದೇ ಬಣ್ಣ ಬಳಿಯುತ್ತದೆ, ಮದುಮಗಳ ಸೀರೆಯ ನಿಜವಾದ ಬಣ್ಣ ಯಾವುದೆಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಬಿಳಿ ಬಟ್ಟೆ ಕಟ್ಟಿಸಿ, ಹೂವಿನ ಬಣ್ಣ ಬೇಕಾದಷ್ಟು ಇರಲಿ.

ಎಂಜಿನಿಯರಿಂಗ್ ವಿದ್ಯಾರ್ಥಿ, ಕಾರವಾರ

ಡ್ರೋನ್ ಬಗ್ಗೆ ಒಂದು ಎಚ್ಚರಿಕೆ. 2021ರ ಡ್ರೋನ್ ನಿಯಮಗಳ ಪ್ರಕಾರ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಗುರುತಿಸಿ ನಕ್ಷೆಯನ್ನು ಡಿಜಿಟಲ್ ಸ್ಕೈ ತಾಣದಲ್ಲಿ ಹಾಕಿದ್ದಾರೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಕಾರವಾರದ ಪಕ್ಕದಲ್ಲಿ ನೌಕಾನೆಲೆಯೂ ಒಳಗೆ ಕೈಗಾ ಅಣುವಿದ್ಯುತ್ ಸ್ಥಾವರವೂ ಇರುವ ನಮ್ಮ ಜಿಲ್ಲೆಯಲ್ಲಿ ನಕ್ಷೆ ನೋಡದೆ ಯಾರೂ ಡ್ರೋನ್ ಮೇಲೇರಿಸಬಾರದು. 250 ಗ್ರಾಮಿಗಿಂತ ಹೆಚ್ಚು ತೂಕದ ಡ್ರೋನನ್ನು ಸಂಪಾದನೆಯ ಕೆಲಸಕ್ಕೆ ಹಾರಿಸುವವರ ಬಳಿ ಪೈಲಟ್ ಪ್ರಮಾಣಪತ್ರವೂ ಇರಬೇಕು. ಪ್ಯಾಕೇಜಿನಲ್ಲಿ ಡ್ರೋನ್ ಎಂದು ಬರೆದಿದ್ದರೆ ಆ ಪ್ರಮಾಣಪತ್ರವನ್ನು ತೋರಿಸಲು ಕೇಳಿ.

ಈ ವರ್ಷವೇ ಮದುವೆಯಾದ ಮದುಮಗಳು, ಸಿದ್ದಾಪುರ

ಇಲ್ಲಿಯವರೆಗೆ ಎಲ್ಲರೂ ಎಷ್ಟು ಜನ ಎಂದು ಮಾತಾಡಿದಿರಿ. ಯಾರು ಎಂಬುದನ್ನೂ ನೋಡಬೇಕು. ನನ್ನ ಮದುವೆಯಲ್ಲಿ ಬಂದಿದ್ದ ನಾಲ್ವರೂ ಗಂಡಸರೇ. ಬೆಳಿಗ್ಗೆ ಆಯಿ ನನಗೆ ಸೀರೆಯ ನೆರಿಗೆ ಹಿಡಿದು ಸಿಕ್ಕಿಸುತ್ತಿದ್ದಾಗ, ದೊಡ್ಡಮ್ಮ ತಲೆಗೆ ಹೂವಿನ ದಂಡೆ ಮುಡಿಸುತ್ತಾ ಹಳೆಯ ಹಾಡು ಹೇಳುತ್ತಿದ್ದಾಗ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಎಲ್ಲ ಮುಗಿದ ಮೇಲೆ ಬಾಗಿಲು ತೆಗೆದು, ದಂಡೆಯನ್ನು ಮತ್ತೊಮ್ಮೆ ಮುಟ್ಟಿದಂತೆ ಮಾಡಿ ಎಂದು ಹೇಳಿ ಫೋಟೋ ತೆಗೆದರು. ಆ ಫೋಟೋದಲ್ಲಿ ದೊಡ್ಡಮ್ಮ ಹಾಡುತ್ತಿಲ್ಲ, ಕ್ಯಾಮೆರಾ ನೋಡುತ್ತಿದ್ದಾರೆ. ಇಬ್ಬರನ್ನೇ ಕರೆಯುವುದಾದರೆ ಅವರಲ್ಲಿ ಒಬ್ಬರು ಹೆಂಗಸಾಗಿರಲಿ ಎಂದು ನಾನು ಒತ್ತಿ ಹೇಳುತ್ತೇನೆ. ಶಿರಸಿ, ಹುಬ್ಬಳ್ಳಿ, ಮಂಗಳೂರಿನಲ್ಲಿ ಈಗ ಈ ಕೆಲಸ ಮಾಡುವ ಹೆಣ್ಣುಮಕ್ಕಳಿದ್ದಾರೆ, ಸ್ವಲ್ಪ ಮೊದಲೇ ವಿಚಾರಿಸಬೇಕು.

ವಧುವಿನ ಅಣ್ಣ, ಶಿರಸಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಲಾಜಾಹೋಮದ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ನಿನ್ನೆ ರಾತ್ರಿ ಜಗಲಿಯ ಮೇಲೆ ಎಲ್ಲರೂ ಕುಳಿತು ಕುಮಟಾದವರು ಹೇಳಿದಂತೆ ಗಂಟೆಗಳ ಪಟ್ಟಿ ಮಾಡಿದೆವು. ಮೆಹಂದಿಯ ಸಂಜೆ ಎಲ್ಲರೂ ಒಂದೇ ಅಂಗಳದಲ್ಲಿರುತ್ತಾರೆ, ಅಲ್ಲಿ ಒಬ್ಬರು ಸಾಕೆಂದು ಎಲ್ಲರಿಗೂ ಅನ್ನಿಸಿತು. ಮದುವೆಯ ದಿನ ಬೆಳಿಗ್ಗೆ ಏಳರಿಂದ ಒಂಬತ್ತೂವರೆಯವರೆಗೆ ತಂಗಿ ರೆಸಾರ್ಟಿನಲ್ಲಿ ಅಲಂಕಾರ, ಗೌರೀಪೂಜೆಯಲ್ಲಿರುತ್ತಾಳೆ. ವರನ ಮನೆಯವರು ಮಾತ್ರ ಉಳಿಯುವುದು ಕುಮಟಾದ ತಮ್ಮ ಹಳೆಯ ಮನೆಯಲ್ಲಿ, ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರ ದಿಬ್ಬಣ ಬರುತ್ತದೆ. ಆ ಹೊತ್ತಿಗೆ ಎರಡು ಜಾಗಕ್ಕೂ ಗುರುತು ಬಿತ್ತು. ಮುಹೂರ್ತದಲ್ಲಿ ಎರಡು, ಮಧ್ಯಾಹ್ನ ಹಿರಿಯರ ಪಂಕ್ತಿ ಒಂದು ಕಡೆ, ಕುಟುಂಬದ ಫೋಟೋ ಇನ್ನೊಂದು ಕಡೆ, ಅಲ್ಲಿಯೂ ಎರಡು. ಎಷ್ಟು ಹುಡುಕಿದರೂ ಮೂರು ಗುರುತು ಬೀಳುವ ಗಂಟೆ ನಮಗೆ ಸಿಗಲಿಲ್ಲ.

ಉಳಿದ ಸಂದೇಹಗಳು ಎರಡು. ವಿಡಿಯೋಕ್ಕೂ ಇದೇ ಲೆಕ್ಕವೇ? ಬೇರೆ ಬೇರೆ ಕಡೆಯಿಂದ ಇಬ್ಬರನ್ನು ಕರೆದರೆ ಹೊಂದಾಣಿಕೆಯಾಗುತ್ತದೆಯೇ?

ಛಾಯಾಗ್ರಾಹಕ, ಕುಮಟಾ

ವಿಡಿಯೋಕ್ಕೆ ಲೆಕ್ಕ ಬೇರೆ. ಫೋಟೋದಲ್ಲಿ ಒಂದು ಗಳಿಗೆ ತಪ್ಪಿದರೆ ಮುಂದಿನ ಗಳಿಗೆಯಿಂದ ಸರಿದೂಗಿಸಬಹುದು, ವಿಡಿಯೋದಲ್ಲಿ ಮಂತ್ರದ ನಡುವೆ ಕಡಿದುಹೋದರೆ ಕಿವಿಗೆ ತಕ್ಷಣ ತಿಳಿಯುತ್ತದೆ. ಒಬ್ಬರು ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಇಡೀ ಮದುವೆಯನ್ನು ಕದಲದೆ ಹಿಡಿಯಬೇಕು, ಬರಲಾಗದ ಅಜ್ಜ ಅಜ್ಜಿಯರು ಪೂರ್ತಿ ಕುಳಿತು ನೋಡುವುದು ಅದನ್ನೇ. ಇನ್ನೊಬ್ಬರು ಓಡಾಡುತ್ತಾ ಹತ್ತು ನಿಮಿಷದ ಚಿಕ್ಕ ಚಿತ್ರಕ್ಕೆ ಬೇಕಾದದ್ದನ್ನು ಹಿಡಿಯುತ್ತಾರೆ. ಚಿಕ್ಕ ಚಿತ್ರ ನಿಮಗೆ ಬೇಡವಾದರೆ ಒಬ್ಬರೇ ಸಾಕು. ಸ್ಟ್ಯಾಂಡನ್ನು ಕುರ್ಚಿಗಳ ಹಿಂದೆ ಒಂದೂವರೆ ಅಡಿಯ ಮಣೆಯ ಮೇಲೆ ಇಟ್ಟರೆ ಯಾರ ಕಣ್ಣಿಗೂ ಅಡ್ಡ ಬರುವುದಿಲ್ಲ.

ಇಬ್ಬರು ಬೇರೆ ಕಡೆಯವರಾದರೆ ದೊಡ್ಡ ತೊಡಕೇನೂ ಇಲ್ಲ, ಎರಡು ಸಣ್ಣ ಕೆಲಸಗಳನ್ನು ಮಾಡಿಸಿದರೆ ಸಾಕು. ಮೊದಲ ದಿನವೇ ಇಬ್ಬರ ಕ್ಯಾಮೆರಾಗಳ ಗಡಿಯಾರವನ್ನು ಒಂದೇ ಸಮಯಕ್ಕೆ ಹೊಂದಿಸಬೇಕು. ಇಲ್ಲದಿದ್ದರೆ ಎರಡೂ ಕಡೆಯ ಸಾವಿರಾರು ಫೋಟೋಗಳನ್ನು ಒಟ್ಟಿಗೆ ಹಾಕಿದಾಗ ದಿಬ್ಬಣ ಬರುವ ಮೊದಲೇ ಧಾರೆ ಮುಗಿದಿರುತ್ತದೆ. ಎಲ್ಲ ಫೋಟೋಗಳ ಬಣ್ಣವನ್ನು ಒಬ್ಬರೇ ತಿದ್ದಬೇಕು, ಅದು ಯಾರೆಂದು ಮೊದಲೇ ಗೊತ್ತಿರಬೇಕು. ಕಾರ್ಡ್ ವಿಷಯದಲ್ಲಿ, ಏಕಕಾಲಕ್ಕೆ ಎರಡು ಕಾರ್ಡಿಗೆ ಬರೆಯುವ ಕ್ಯಾಮೆರಾ ಇದೆಯೇ ಎಂದು ಕೇಳಿ. ಅಂದು ರಾತ್ರಿಯೇ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ನಿಮ್ಮ ಕೈಗೆ ಕೊಡಲಿ.

ಎರಡನೆಯವರನ್ನು ಮೊದಲ ದಿನ ಗೋಕರ್ಣಕ್ಕೆ ಕರೆಸಲೇಬೇಡಿ. ನೇರವಾಗಿ ಕುಮಟಾಕ್ಕೆ ಹೋಗಿ ವರನ ಮನೆಯವರ ಜೊತೆ ಉಳಿಯಲಿ. ಒಂದು ರೂಮಿನ ಬಾಡಿಗೆಯೂ ಉಳಿಯುತ್ತದೆ, ಬೆಳಿಗ್ಗೆ ಆರಕ್ಕೆ ಅವರು ಇರಬೇಕಾದ ಜಾಗದಲ್ಲೇ ಇರುತ್ತಾರೆ, ದಿಬ್ಬಣದ ಬಸ್ಸಿನಲ್ಲಿಯೇ ಕುಳಿತು ಬರುತ್ತಾರೆ. ಆ ಬಸ್ಸಿನೊಳಗಿನ ಫೋಟೋಗಳು ಬಹಳ ಚೆನ್ನಾಗಿರುತ್ತವೆ.

ಕುಟುಂಬದ ಫೋಟೋಗಳ ಪಟ್ಟಿ ಮಾಡಿ. ಒಂದು ಗುಂಪನ್ನು ಕೂಗಿ ಕರೆದು, ನಿಲ್ಲಿಸಿ, ತೆಗೆದು ಕಳುಹಿಸಲು ಎರಡು ನಿಮಿಷ ಬೇಕು. 30 ಗುಂಪುಗಳೆಂದರೆ ಒಂದು ಗಂಟೆ, ಅಷ್ಟು ಹೊತ್ತು ವಧೂವರರು ಹಸಿದು ನಿಂತಿರುತ್ತಾರೆ.

ವರನ ತಾಯಿಯಾಗಿದ್ದವರು, ಕಾರವಾರ

ಅವರ ಊಟದ ವಿಷಯವನ್ನೂ ಮರೆಯಬೇಡಿ. ನಮ್ಮಲ್ಲಿ ಕ್ಯಾಮೆರಾದವರಿಗೆ ಕಡೆಯ ಪಂಕ್ತಿಯಲ್ಲಿ ಊಟ ಹಾಕುವ ಪದ್ಧತಿಯಿದೆ, ಅಷ್ಟು ಹೊತ್ತಿಗೆ ಸಂಜೆಯ ಕೆಲಸ ಶುರುವಾಗಿರುತ್ತದೆ. ಇಬ್ಬರೇ ಇರುವುದಾದರೆ ಒಬ್ಬರನ್ನು ಮೊದಲ ಪಂಕ್ತಿಗೂ ಇನ್ನೊಬ್ಬರನ್ನು ಎರಡನೆಯದಕ್ಕೂ ಕೂರಿಸಿ ಬಡಿಸಿ. ಬೆಳಿಗ್ಗೆ ಐದರಿಂದ ನಿಂತವರು ಅವರು.

ವಧುವಿನ ಅಣ್ಣ, ಶಿರಸಿ

ಮನೆಯಲ್ಲಿ ತೀರ್ಮಾನವಾಯಿತು. ಫೋಟೋಕ್ಕೆ ಇಬ್ಬರು, ವಿಡಿಯೋಕ್ಕೆ ಒಬ್ಬರು, ಬೆಳಕಿಗೆ ಒಬ್ಬ ಸಹಾಯಕ, ಒಟ್ಟು ನಾಲ್ವರು. ಚಿಕ್ಕ ಚಿತ್ರವೂ ಡ್ರೋನೂ ಬೇಡವೆಂದು ತಂಗಿಯೇ ಹೇಳಿದಳು. ನಮ್ಮೂರಿನ ಪರಿಚಯದವರನ್ನೇ ಕುಮಟಾದ ಕಡೆಗೆ ಒಪ್ಪಿಸಿದ್ದೇವೆ, ಎರಡು ಕಾರ್ಡಿನ ಕ್ಯಾಮೆರಾ ಅವರಲ್ಲಿದೆ. ತಂಗಿಯ ಜೊತೆಗಿರಲು ಹುಬ್ಬಳ್ಳಿಯಿಂದ ಒಬ್ಬ ಹೆಣ್ಣುಮಗಳು ಬರುತ್ತಾರೆ, ಬಣ್ಣ ತಿದ್ದುವ ಕೆಲಸವೂ ಅವರದೇ.

ಮಂಟಪದ ಈಶಾನ್ಯ ಮತ್ತು ಆಗ್ನೇಯದ ಕಂಬಗಳ ಬಳಿ ಅವರು ನಿಲ್ಲುವ ಜಾಗಕ್ಕೆ ಮೊದಲೇ ರಂಗೋಲಿಯ ಗೆರೆ ಹಾಕಿಡುವುದಾಗಿ ಚಿಕ್ಕಮ್ಮ ಹೇಳಿದ್ದಾರೆ. ಮುಹೂರ್ತದ ಹೊತ್ತಿಗೆ ಛಾಯಾಗ್ರಾಹಕರನ್ನು ನೋಡಿಕೊಳ್ಳುವ ಹೊಣೆ ನನ್ನ ಭಾವನದು. ನಮ್ಮ ಅಜ್ಜಿಯ ಕುರ್ಚಿ ನಡುವಿನ ದಾರಿಯ ಅಂಚಿನಲ್ಲಿ, ಎದುರು ಯಾರೂ ಇಲ್ಲದಂತೆ ಇರುತ್ತದೆ.

ಕುಟುಂಬದ ಫೋಟೋಗಳ ಪಟ್ಟಿ ಮಾತ್ರ ಸದ್ಯ 42 ಗುಂಪುಗಳಿಗೆ ಬಂದು ನಿಂತಿದೆ. ಇಂದು ಸಂಜೆ ಅಪ್ಪಯ್ಯನ ಜೊತೆ ಕುಳಿತು ಅದನ್ನು ಇಪ್ಪತ್ತಕ್ಕೆ ಇಳಿಸಬೇಕು.